ವರ್ಕರ್ಸ್ ಕಾಂಪ್ ಪ್ರೀಮಿಯಂ: ಬಿಲ್ ಹುಟ್ಟುವುದು ಪೇರೋಲ್‌ನಲ್ಲಿ

ಕೆಲಸದಲ್ಲಿ ಪೆಟ್ಟಾಗುವ ನೌಕರರಿಗಾಗಿ ಅಮೆರಿಕದ ಮಾಲೀಕರು ಕೊಳ್ಳುವ ವಿಮೆಗೆ ವರ್ಕರ್ಸ್ ಕಾಂಪ್ ಅನ್ನುತ್ತಾರೆ. ಅಲ್ಲಿ ಸಣ್ಣ ಉದ್ಯಮ ನಡೆಸುವವರು ಆಗಾಗ ಕೇಳುವ ಪ್ರಶ್ನೆ ಇದು: "ವರ್ಕರ್ಸ್ ಕಾಂಪ್ ದರ ವರ್ಷ ವರ್ಷ ಇಳಿಯುತ್ತಿದೆ ಅಂತಾರೆ. ನನ್ನ ಬಿಲ್ ಮಾತ್ರ ಏರುತ್ತಲೇ ಇದೆಯಲ್ಲ, ಯಾಕೆ?"

ಅವರು ಹೇಳುವ ಎರಡೂ ಮಾತು ನಿಜ. ಹೆಚ್ಚಿನ ರಾಜ್ಯಗಳಲ್ಲಿ ಹತ್ತು ವರ್ಷಗಳಿಂದ ದರ ಇಳಿಯುತ್ತಲೇ ಬಂದಿದೆ. ವಿಮಾ ಕಂಪನಿಗಳಿಗೇನೂ ಅದರಿಂದ ಕಷ್ಟವಾಗಿಲ್ಲ. 2023ರಲ್ಲಿ ಖಾಸಗಿ ಕಂಪನಿಗಳಿಗೆ ಬಂದ ಪ್ರತಿ 100 ಡಾಲರ್ ಪ್ರೀಮಿಯಂನಲ್ಲಿ ಪರಿಹಾರ, ಖರ್ಚು ಎಲ್ಲ ಸೇರಿ ಹೋದದ್ದು ಸುಮಾರು 86 ಡಾಲರ್. ಉಳಿದದ್ದು ಲಾಭ. ಕ್ಯಾಲಿಫೋರ್ನಿಯಾ ಮಾತ್ರ ಈಗ ಉಲ್ಟಾ ದಾರಿ ಹಿಡಿದಿದೆ. ಅಲ್ಲಿನ ವಿಮಾ ಆಯುಕ್ತರು 2025ರ ಸೆಪ್ಟೆಂಬರ್ 1ರಿಂದ ಸಲಹಾ ದರವನ್ನು (ಕಂಪನಿಗಳು ತಮ್ಮ ದರ ಗೊತ್ತುಮಾಡಲು ಆಧಾರವಾಗಿ ನೋಡುವ ದರ) ಶೇ. 8.7ರಷ್ಟು ಏರಿಸಲು ಒಪ್ಪಿದರು.

ಆದರೆ ದರ ಅನ್ನೋದು ಲೆಕ್ಕದ ಒಂದು ಭಾಗ ಅಷ್ಟೆ. ಪ್ರೀಮಿಯಂ ಅಂದರೆ ದರ ಗುಣಿಸು ಸಂಬಳ. ದರ ಶೇ. 3 ಇಳಿದು ಸಂಬಳದ ಮೊತ್ತ ಶೇ. 6 ಏರಿದರೆ ಬಿಲ್ ಏರಿಯೇ ಏರುತ್ತದೆ. ಇಷ್ಟೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಎಷ್ಟೋ ಕಂಪನಿಗಳು ಕಟ್ಟಬೇಕಾದ್ದಕ್ಕಿಂತ ಜಾಸ್ತಿ ಕಟ್ಟುತ್ತವೆ, ಕೆಲವು ಕಡಿಮೆ ಕಟ್ಟಿ ವರ್ಷದ ಕೊನೆಗೆ ದೊಡ್ಡ ಬಿಲ್ ನೋಡಿ ಬೆಚ್ಚುತ್ತವೆ. ಎರಡಕ್ಕೂ ಕಾರಣವನ್ನು ವಿಮಾ ಏಜೆಂಟರ ಹತ್ತಿರ ಹುಡುಕಿದರೆ ಸಿಗುವುದು ಕಷ್ಟ. ಅದು ಇರುವುದು ಪೇರೋಲ್ ಎಂಟ್ರಿಗಳಲ್ಲಿ, ಅಂದರೆ ಸಂಬಳದ ಲೆಕ್ಕದಲ್ಲಿ. ಯಾರು, ಯಾವ ಕೆಲಸ, ಎಷ್ಟು ಗಂಟೆ, ಯಾವ ರಾಜ್ಯದಲ್ಲಿ ಮಾಡಿದರು ಅನ್ನುವುದನ್ನು ಹೇಗೆ ಬರೆದಿಟ್ಟಿದ್ದೀರಿ ಅನ್ನುವುದರ ಮೇಲೆ ಈ ಬಿಲ್ ನಿಂತಿದೆ.

ಯಾರು ಕಟ್ಟಬೇಕು?

ಕೆಲಸದಲ್ಲಿ ಪೆಟ್ಟಾದ ನೌಕರನಿಗೆ ಚಿಕಿತ್ಸೆಯ ಖರ್ಚು ಮತ್ತು ಕಳೆದುಕೊಂಡ ಸಂಬಳದ ಒಂದು ಪಾಲು ಕೊಡುವ ವಿಮೆ ಇದು. ತಪ್ಪು ಯಾರದು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಪ್ರತಿಯಾಗಿ ನೌಕರ ಮಾಲೀಕನ ಮೇಲೆ ಕೋರ್ಟಿಗೆ ಹೋಗುವ ಹಕ್ಕನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತಾನೆ. ಈ ಕೊಡು-ಕೊಳ್ಳುವಿಕೆ ಸುಲಭವಾಗಿ ಬಂದದ್ದಲ್ಲ. 1911ರ ಮಾರ್ಚ್ 24ರಂದು ನ್ಯೂಯಾರ್ಕಿನ ಮೇಲಿನ ನ್ಯಾಯಾಲಯ ಇಂಥ ಕಾನೂನನ್ನು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು. ಮರುದಿನವೇ ಮ್ಯಾನ್‌ಹಟನ್‌ನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ಹೊಲಿಗೆ ಕೆಲಸದ ಹುಡುಗಿಯರು. ಅದೇ ವರ್ಷ ವಿಸ್ಕಾನ್ಸಿನ್ ಕಾನೂನು ತಂದಿತು. 1917ರಲ್ಲಿ ಸುಪ್ರೀಂ ಕೋರ್ಟ್ ಈ ಪದ್ಧತಿಗೆ ಒಪ್ಪಿಗೆ ಮುದ್ರೆ ಒತ್ತಿತು. ಕೊನೆಗೆ ಸೇರಿದ್ದು ಮಿಸಿಸಿಪ್ಪಿ, 1948ರಲ್ಲಿ. ಟೆಕ್ಸಸ್‌ನಲ್ಲಿ ಇವತ್ತಿಗೂ ಖಾಸಗಿ ಮಾಲೀಕರಿಗೆ ಇದು ಕಡ್ಡಾಯವಲ್ಲ. ಆದರೆ ವಿಮೆ ಇಲ್ಲದ ಮಾಲೀಕನ ಮೇಲೆ ನೌಕರ ಕೇಸ್ ಹಾಕಬಹುದು, ಆಗ ಮಾಲೀಕನ ಹಳೆಯ ಕಾನೂನು ರಕ್ಷಣೆಗಳು (ನೌಕರನದೇ ಅಜಾಗ್ರತೆ ಅನ್ನುವಂಥ ವಾದಗಳು) ಕೆಲಸಕ್ಕೆ ಬರುವುದಿಲ್ಲ.

ಈ ಇತಿಹಾಸ ಪೇರೋಲ್‌ಗೆ ಯಾಕೆ ಬೇಕು? ಹೊಸದಾಗಿ ಪೇರೋಲ್ ನೋಡಿಕೊಳ್ಳುವವರು ಪ್ರೀಮಿಯಂ ಅನ್ನು ನೌಕರನ ಸಂಬಳದಿಂದ ಕತ್ತರಿಸುವ ಐಟಂ ಅಂತ ಸೆಟ್ ಮಾಡಿಬಿಡುತ್ತಾರೆ, ಅದಕ್ಕೆ. ಕೊಡು-ಕೊಳ್ಳುವಿಕೆಯಲ್ಲಿ ದುಡ್ಡು ಕೊಡುವ ಪಾಲು ಮಾಲೀಕನದು. ಕ್ಯಾಲಿಫೋರ್ನಿಯಾದ ಲೇಬರ್ ಕೋಡ್ 3751ನೇ ಸೆಕ್ಷನ್ ನೌಕರನಿಂದ ಇದಕ್ಕಾಗಿ ಏನನ್ನೂ ವಸೂಲು ಮಾಡಬಾರದು ಅನ್ನುತ್ತದೆ. ಹೆಚ್ಚಿನ ರಾಜ್ಯಗಳ ನಿಯಮವೂ ಅದೇ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಇದು ಕಂಪನಿಯ ಖರ್ಚಾಗಿ ಕೂರಬೇಕು, ನೌಕರನ ಪೇ ಸ್ಲಿಪ್‌ನಲ್ಲಿ ಕಡಿತವಾಗಿ ಅಲ್ಲ. ವಾಷಿಂಗ್ಟನ್ ರಾಜ್ಯ ಇದಕ್ಕೆ ಹೊರತು. ಅಲ್ಲಿ ಪ್ರೀಮಿಯಂನ ಕೆಲವು ಭಾಗಗಳ ಅರ್ಧವನ್ನು ನೌಕರನಿಂದ ಹಿಡಿಯಬಹುದು. ಒರೆಗಾನ್‌ನಲ್ಲಿ ಪ್ರೀಮಿಯಂನ ಜೊತೆಗೆ ಗಂಟೆ ಲೆಕ್ಕದ ಒಂದು ಸಣ್ಣ ವಂತಿಗೆ ಇದೆ. 2025ರಲ್ಲಿ ಅದು ಗಂಟೆಗೆ 2 ಸೆಂಟ್, ಅರ್ಧ ನೌಕರನದು. ಈ ಎರಡು ರಾಜ್ಯಗಳಲ್ಲಿ ನೌಕರರಿದ್ದರೆ ಅದನ್ನು ಬೇರೆಯಾಗಿಯೇ ಸೆಟ್ ಮಾಡಬೇಕು.

ಲೆಕ್ಕದ ಸೂತ್ರ

ಸಂಬಳದ ಮೊತ್ತವನ್ನು 100ರಿಂದ ಭಾಗಿಸಿ. ಆ ಕೆಲಸದ ಕ್ಲಾಸ್ ಕೋಡ್‌ಗೆ (ಕೆಲಸದ ಬಗೆಗೆ ಕೊಟ್ಟಿರುವ ಸಂಖ್ಯೆ) ಇರುವ ದರದಿಂದ ಗುಣಿಸಿ. ಬಂದದ್ದನ್ನು ನಿಮ್ಮ ಕಂಪನಿಯ ಎಕ್ಸ್‌ಪೀರಿಯನ್ಸ್ ಮಾಡ್‌ನಿಂದ (ಹಿಂದಿನ ಅಪಘಾತಗಳನ್ನು ನೋಡಿ ಕೊಡುವ ಅಂಕಿ) ಗುಣಿಸಿ. ಆಮೇಲೆ ರಿಯಾಯಿತಿ, ಸಣ್ಣಪುಟ್ಟ ಶುಲ್ಕ ಇತ್ಯಾದಿ ಇರುತ್ತವೆ. ಹೆಚ್ಚಿನ ರಾಜ್ಯಗಳಲ್ಲಿ ಕ್ಲಾಸ್ ಕೋಡ್‌ಗಳನ್ನು ನೋಡಿಕೊಳ್ಳುವುದು ಎನ್‌ಸಿಸಿಐ ಅನ್ನುವ ಸಂಸ್ಥೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳಿಗೆ ತಮ್ಮದೇ ಬ್ಯೂರೋ ಇದೆ. ಓಹಾಯೊ, ವಾಷಿಂಗ್ಟನ್, ನಾರ್ತ್ ಡಕೋಟಾ, ವಯೋಮಿಂಗ್ ಈ ನಾಲ್ಕರಲ್ಲಿ ಖಾಸಗಿ ಕಂಪನಿಯಿಂದ ಪಾಲಿಸಿ ಕೊಳ್ಳುವ ಹಾಗೇ ಇಲ್ಲ, ರಾಜ್ಯದ ನಿಧಿಗೇ ಕಟ್ಟಬೇಕು. ವಾಷಿಂಗ್ಟನ್ ಅಂತೂ ಸಂಬಳವನ್ನೇ ನೋಡುವುದಿಲ್ಲ. ಕೆಲಸ ಮಾಡಿದ ಗಂಟೆಗಳ ಮೇಲೆ ಲೆಕ್ಕ ಹಾಕುತ್ತದೆ.

ಪಾಲಿಸಿ ಶುರುವಾಗುವಾಗ ಕಟ್ಟುವುದು ಅಂದಾಜು ಪ್ರೀಮಿಯಂ. ಈ ವರ್ಷ ಇಷ್ಟು ಸಂಬಳ ಕೊಡಬಹುದು ಅಂತ ನೀವೇ ಹೇಳಿದ ಅಂಕಿಯ ಮೇಲೆ. ಪಾಲಿಸಿ ಮುಗಿದ ಮೇಲೆ ಆಡಿಟ್ ಬರುತ್ತದೆ, ನಿಜವಾದ ಸಂಬಳ ನೋಡಿ ಉಳಿದದ್ದನ್ನು ಕೇಳುತ್ತಾರೆ ಅಥವಾ ಹಿಂದಿರುಗಿಸುತ್ತಾರೆ. ಇಲ್ಲಿರುವ ಕಾಲದ ಅಂತರವೇ ನಿಜವಾದ ತೊಂದರೆ. ಜನವರಿಯ ಮೊದಲ ವಾರ ತಪ್ಪು ಕೋಡ್‌ನಲ್ಲಿ ಹಾಕಿದ ಎಂಟ್ರಿಯ ಪರಿಣಾಮ ಗೊತ್ತಾಗುವುದು ಮುಂದಿನ ವರ್ಷ ಮಾರ್ಚ್ ಹೊತ್ತಿಗೆ. ಅಷ್ಟರಲ್ಲಿ ಎಂಟ್ರಿ ಮಾಡಿದವರು ಕೆಲಸ ಬಿಟ್ಟು ಹೋಗಿರಲೂಬಹುದು. ಯಾವ ಸೈಟ್‌ನಲ್ಲಿ ಯಾರಿದ್ದರು ಅಂತ ಯಾರಿಗೆ ನೆನಪಿರುತ್ತದೆ?

ಒಬ್ಬ ನೌಕರ, ಎರಡು ಕೋಡ್

ಅತಿ ಹೆಚ್ಚು ದುಡ್ಡು ಸೋರುವ ಜಾಗ ಇದು. ಕೋಡ್‌ಗಳ ನಡುವಿನ ದರದ ವ್ಯತ್ಯಾಸ ತುಂಬಾ ದೊಡ್ಡದು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರ 8810ಕ್ಕೆ 100 ಡಾಲರ್ ಸಂಬಳಕ್ಕೆ ಕೆಲವೇ ಸೆಂಟ್ ಇದ್ದರೆ, ಛಾವಣಿ ಕೆಲಸದ 5551ಕ್ಕೆ ಎರಡಂಕಿ ಡಾಲರ್ ಇರುವುದು ಸಾಮಾನ್ಯ.

ಒಂದು ಉದಾಹರಣೆ ತಗೊಳ್ಳೋಣ. ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಒಬ್ಬ ಕೆಲಸಗಾರನ ವರ್ಷದ ಸಂಬಳ 60,000 ಡಾಲರ್. ಅರ್ಧ ಸಮಯ ಛಾವಣಿ ಕೆಲಸ, ದರ 20. ಇನ್ನರ್ಧ ಮನೆಯೊಳಗೆ ಕ್ಯಾಬಿನೆಟ್ ಕೂರಿಸುವ ಕೆಲಸ, ದರ 6. ಗಂಟೆಗಳನ್ನು ಸರಿಯಾಗಿ ಬರೆದಿಟ್ಟಿದ್ದರೆ ಪ್ರೀಮಿಯಂ 6,000 ಮತ್ತು 1,800 ಸೇರಿ 7,800 ಡಾಲರ್. ಬರೆದಿಡದಿದ್ದರೆ ಆಡಿಟರ್ ಇಡೀ 60,000ವನ್ನು ದುಬಾರಿ ಕೋಡ್‌ಗೆ ಹಾಕುತ್ತಾರೆ. ಆಗ 12,000. ಒಬ್ಬನಿಗೇ 4,200 ಡಾಲರ್ ವ್ಯತ್ಯಾಸ. ಇಂಥ ಆರು ಜನ ಇದ್ದರೆ?

ಆಡಿಟರ್‌ನ ಹಠ ಅಂತ ಬೈದು ಪ್ರಯೋಜನವಿಲ್ಲ, ನಿಯಮವೇ ಹಾಗಿದೆ. ಸಂಬಳವನ್ನು ಕೋಡ್‌ಗಳ ನಡುವೆ ಹಂಚಬೇಕಾದರೆ ನಿಜವಾಗಿ ದುಡಿದ ಗಂಟೆಗಳ ದಾಖಲೆ ಬೇಕು. "ಸುಮಾರು ಶೇ. 60 ಅಲ್ಲಿ, 40 ಇಲ್ಲಿ" ಅನ್ನುವ ಅಂದಾಜನ್ನು ಒಪ್ಪುವುದಿಲ್ಲ. ವರ್ಷದ ಕೊನೆಗೆ ಕೂತು ತಯಾರಿಸಿದ ಎಕ್ಸೆಲ್ ಶೀಟ್ ನೋಡಿದ ತಕ್ಷಣ ಅನುಭವಿ ಆಡಿಟರ್‌ಗೆ ಗೊತ್ತಾಗುತ್ತದೆ, ಎಲ್ಲ ವಾರವೂ 24 ಮತ್ತು 16 ಗಂಟೆ ಅಂತ ಇದ್ದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ! ಇನ್ನೊಂದು ಮಾತು. ಆಫೀಸ್ ಕೆಲಸದ 8810 ಮತ್ತು ಹೊರಗೆ ಓಡಾಡಿ ಮಾರಾಟ ಮಾಡುವವರ 8742 ಕೋಡ್‌ಗಳಿಗೆ ಈ ಹಂಚಿಕೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಬೆಳಿಗ್ಗೆ ಬಿಲ್ ಬರೆದು ಮಧ್ಯಾಹ್ನ ಗೋಡೌನ್‌ನಲ್ಲಿ ಪೆಟ್ಟಿಗೆ ಎತ್ತುವವರ ಇಡೀ ಸಂಬಳ ಗೋಡೌನ್ ಕೋಡ್‌ಗೇ ಹೋಗುತ್ತದೆ. ಸಣ್ಣ ಕಂಪನಿಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ, ಅದೇ ಅವರ ಶಕ್ತಿ. ಈ ನಿಯಮದ ಮುಂದೆ ಅದೇ ಖರ್ಚಾಗುತ್ತದೆ. ಆಫೀಸಿನವರನ್ನು ಪೂರ್ತಿ ಆಫೀಸಿನಲ್ಲೇ ಇಡಲು ಆಗುತ್ತದಾ ಅಂತ ಯೋಚಿಸುವುದು ಲಾಭದ ವಿಚಾರ.

ಇದಕ್ಕೆ ಪರಿಹಾರ ಟೈಮ್‌ಶೀಟ್‌ನಲ್ಲೇ ಇದೆ. ಕೆಲಸಗಾರ ಫೋನ್‌ನಲ್ಲಿ ಪಂಚ್ ಮಾಡುವಾಗಲೇ ಯಾವ ಬಗೆಯ ಕೆಲಸ ಅಂತ ಆರಿಸುವ ಹಾಗೆ ಇಟ್ಟು, ಆ ಆಯ್ಕೆಗೆ ಕ್ಲಾಸ್ ಕೋಡ್ ಕಟ್ಟಿದರೆ ಆಯಿತು. ಕೋಡ್ ಸಂಖ್ಯೆ ಅವನಿಗೆ ತೋರಿಸಬೇಡಿ. "ಛಾವಣಿ", "ಕ್ಯಾಬಿನೆಟ್" ಅಂತ ಇದ್ದರೆ ಸಾಕು. ಸಂಖ್ಯೆ ತೋರಿಸಿದರೆ ಎಲ್ಲರೂ ಮೊದಲನೆಯದನ್ನೇ ಒತ್ತುತ್ತಾರೆ.

ಕ್ಯಾಲಿಫೋರ್ನಿಯಾದ ಕಟ್ಟಡ ಕೆಲಸಗಳಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಅಲ್ಲಿ ಒಂದೇ ಕೆಲಸಕ್ಕೆ ಎರಡು ಕೋಡ್, ಗಂಟೆಯ ಕೂಲಿಯ ಮೇಲೆ. ಬಡಗಿ ಕೆಲಸಕ್ಕೆ 5403 ಮತ್ತು 5432. ಗೊತ್ತುಮಾಡಿದ ಗಡಿಗಿಂತ ಕಡಿಮೆ ಕೂಲಿ ಇದ್ದರೆ ದುಬಾರಿ ದರ, ಗಡಿ ಮುಟ್ಟಿದರೆ ಅಗ್ಗದ ದರ. ಜಾಸ್ತಿ ಕೂಲಿ ಪಡೆಯುವವರು ನುರಿತವರು, ಪೆಟ್ಟು ಮಾಡಿಕೊಳ್ಳುವುದು ಕಡಿಮೆ ಅನ್ನುವ ಅನುಭವ ಇದರ ಹಿಂದಿದೆ. ಗಡಿ 40 ಡಾಲರ್, ದರ 14 ಮತ್ತು 6 ಅಂತ ಇಟ್ಟುಕೊಳ್ಳೋಣ. ಗಂಟೆಗೆ 39 ಪಡೆಯುವವನು ವರ್ಷಕ್ಕೆ 2,000 ಗಂಟೆ ದುಡಿದರೆ ಸಂಬಳ 78,000, ಪ್ರೀಮಿಯಂ 10,920. ಅವನಿಗೆ ಒಂದು ಡಾಲರ್ ಏರಿಸಿ. ಸಂಬಳ 80,000, ಪ್ರೀಮಿಯಂ 4,800. ಎರಡು ಸಾವಿರ ಕೊಟ್ಟು ಆರು ಸಾವಿರ ಉಳಿಸಿದ ಹಾಗೆ! ಕೆಲಸಗಾರನಿಗೂ ಖುಷಿ. ಈ ಗಡಿಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಹೊಸ ಪಾಲಿಸಿ ಬಂದಾಗಲೆಲ್ಲ ಗಡಿಯ ಕೆಳಗೆ ಒಂದೆರಡು ಡಾಲರ್ ದೂರದಲ್ಲಿ ಯಾರಿದ್ದಾರೆ ಅಂತ ಪೇರೋಲ್‌ನಲ್ಲಿ ಒಮ್ಮೆ ನೋಡಬೇಕು. ಇಲ್ಲೂ ಅದೇ ಷರತ್ತು, ಗಂಟೆಗಳ ದಾಖಲೆ ಇಲ್ಲದಿದ್ದರೆ ಕೂಲಿ ಎಷ್ಟೇ ಇರಲಿ ದುಬಾರಿ ಕೋಡೇ ಗತಿ.

ಸಂಬಳ ಅಂದರೆ ಯಾವುದು?

ಆದಾಯ ತೆರಿಗೆಯ ಸಂಬಳ, ಸೋಷಿಯಲ್ ಸೆಕ್ಯುರಿಟಿಯ ಸಂಬಳ, ವರ್ಕರ್ಸ್ ಕಾಂಪ್‌ನ ಸಂಬಳ ಮೂರೂ ಬೇರೆ ಬೇರೆ. ವರ್ಷದ ಸಂಬಳ, ತೆರಿಗೆ ತೋರಿಸಿ ನೌಕರನಿಗೆ ಕೊಡುವ ಫಾರ್ಮ್ ಡಬ್ಲ್ಯೂ-2ರ ಮೊದಲ ಬಾಕ್ಸ್‌ನ ಅಂಕಿಯನ್ನು ಹಾಗೇ ಕೊಟ್ಟರೆ ತಪ್ಪಾಗುತ್ತದೆ. ನೌಕರ ತನ್ನ ಸಂಬಳದಿಂದ 401(ಕೆ) ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ ಹಾಕಿದ ದುಡ್ಡು ಆ ಬಾಕ್ಸ್‌ನಲ್ಲಿ ಇರುವುದಿಲ್ಲ, ವರ್ಕರ್ಸ್ ಕಾಂಪ್‌ಗೆ ಮಾತ್ರ ಅದು ಸಂಬಳವೇ. ಕಂಪನಿ ಹಾಕಿದ ಪಾಲು ಸೇರುವುದಿಲ್ಲ. ಬೋನಸ್, ಕಮಿಷನ್, ರಜೆಯ ಸಂಬಳ ಸೇರುತ್ತವೆ. ರಸೀದಿ ಇಟ್ಟು ಹಿಂದಿರುಗಿಸಿದ ಪ್ರಯಾಣ ಖರ್ಚು ಸೇರುವುದಿಲ್ಲ.

ಹೋಟೆಲ್ ನಡೆಸುವವರು ಗಮನಿಸಬೇಕಾದ್ದು ಟಿಪ್ಸ್. ಗಿರಾಕಿ ಕೊಟ್ಟ ಟಿಪ್ಸ್ ಪೇರೋಲ್‌ನಲ್ಲಿ ಹಾದು ಹೋಗುತ್ತದೆ, ತೆರಿಗೆಗೂ ಬರುತ್ತದೆ, ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ತುಂಬುವ ಫಾರ್ಮ್ 941ರಲ್ಲೂ ಇರುತ್ತದೆ. ಆದರೆ ಪ್ರೀಮಿಯಂ ಲೆಕ್ಕದಿಂದ ಅದು ಹೊರಗೆ. ಆಡಿಟರ್ 941ರ ಮೊತ್ತವನ್ನು ಎದುರಿಗಿಟ್ಟುಕೊಂಡೇ ಕೂರುತ್ತಾರೆ. ಟಿಪ್ಸ್ ಬೇರೆ ಕಾಲಂನಲ್ಲಿ ಕಾಣದಿದ್ದರೆ ಗಿರಾಕಿ ಕೊಟ್ಟ ದುಡ್ಡಿಗೂ ನೀವು ಪ್ರೀಮಿಯಂ ಕಟ್ಟಿದ ಹಾಗಾಗುತ್ತದೆ.

ಇನ್ನು ಓವರ್‌ಟೈಮ್. ಈಗ ಇದು ಬಿಸಿ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಟೆಗೆ 30 ಡಾಲರ್ ಇರುವವರಿಗೆ ಓವರ್‌ಟೈಮ್‌ನಲ್ಲಿ 45. ಸಂಜೆ ಆರರ ನಂತರ ದುಡಿದ ಗಂಟೆಯ ಅಪಾಯ ಒಂದೂವರೆ ಪಟ್ಟು ಅಲ್ಲವಲ್ಲ, ಹಾಗಾಗಿ ಹೆಚ್ಚುವರಿ 15ನ್ನು ಪ್ರೀಮಿಯಂ ಲೆಕ್ಕದಿಂದ ತೆಗೆಯಬಹುದು. ಅಂದರೆ ಒಂದೂವರೆ ಪಟ್ಟಿನ ಓವರ್‌ಟೈಮ್ ಮೊತ್ತದಲ್ಲಿ ಮೂರನೇ ಒಂದು ಭಾಗ, ಎರಡು ಪಟ್ಟಿನದ್ದಾದರೆ ಅರ್ಧ. ವರ್ಷಕ್ಕೆ 400 ಗಂಟೆ ಓವರ್‌ಟೈಮ್ ಮಾಡಿದವರಿಗೆ 18,000 ಕೊಟ್ಟಿದ್ದರೆ 6,000 ಹೊರಗೆ ಹೋಗುತ್ತದೆ. ದರ 9 ಇದ್ದರೆ ಒಬ್ಬರಿಗೆ 540 ಡಾಲರ್ ಉಳಿತಾಯ. ಷರತ್ತು ಒಂದೇ, ನೌಕರ ನೌಕರನಿಗೂ ಓವರ್‌ಟೈಮ್ ಮೊತ್ತ ಬೇರೆಯಾಗಿ ಕಾಣಬೇಕು. ಪೆನ್ಸಿಲ್ವೇನಿಯಾ, ಡೆಲವೇರ್‌ನಂಥ ರಾಜ್ಯಗಳಲ್ಲಿ ಈ ಸೌಲಭ್ಯವೇ ಇಲ್ಲ.

2025ರ ಜುಲೈ 4ರಂದು ಸಹಿಯಾದ ಹೊಸ ತೆರಿಗೆ ಕಾನೂನು ಇದಕ್ಕೊಂದು ತಿರುವು ಕೊಟ್ಟಿದೆ. 2025ರಿಂದ 2028ರವರೆಗೆ ಓವರ್‌ಟೈಮ್‌ನ ಹೆಚ್ಚುವರಿ ಭಾಗಕ್ಕೆ ನೌಕರರು ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಬಹುದು, ಒಬ್ಬರಿಗೆ ವರ್ಷಕ್ಕೆ 12,500 ಡಾಲರ್‌ವರೆಗೆ. 2026ರಿಂದ ಆ ಮೊತ್ತವನ್ನು ಡಬ್ಲ್ಯೂ-2ರಲ್ಲಿ ಬೇರೆಯಾಗಿ ತೋರಿಸಬೇಕು. ಅಂದರೆ ಪೇರೋಲ್ ಸಾಫ್ಟ್‌ವೇರ್‌ಗಳು ಇಷ್ಟು ದಿನ ಒಟ್ಟಿಗೆ ಹಾಕುತ್ತಿದ್ದ ಆ ಹೆಚ್ಚುವರಿ 15 ಡಾಲರನ್ನು ಈಗ ಬೇರ್ಪಡಿಸಲೇಬೇಕು. ವರ್ಕರ್ಸ್ ಕಾಂಪ್‌ಗೂ ಬೇಕಾದದ್ದು ಅದೇ ತಾನೇ? ಬಹಳ ಜನ ಹಾಗೇ ಅಂದುಕೊಂಡು ಡಬ್ಲ್ಯೂ-2ರ ಆ ಅಂಕಿಯನ್ನೇ ಆಡಿಟರ್‌ಗೆ ಕೊಡಲು ಹೊರಡುತ್ತಾರೆ ಅನ್ನುವುದು ನನ್ನ ಊಹೆ.

ಅದು ಸರಿಯಾಗುವುದಿಲ್ಲ. ತೆರಿಗೆ ವಿನಾಯಿತಿ ಇರುವುದು ಕೇಂದ್ರದ ಕಾನೂನು ಹೇಳುವ ಓವರ್‌ಟೈಮ್‌ಗೆ, ಮುಖ್ಯವಾಗಿ ವಾರಕ್ಕೆ 40 ಗಂಟೆ ದಾಟಿದ್ದಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ದಾಟಿದರೂ ಓವರ್‌ಟೈಮ್ ಕೊಡಬೇಕು. ಒಬ್ಬರು ದಿನಕ್ಕೆ 10 ಗಂಟೆಯಂತೆ ಮೂರು ದಿನ ಮಾತ್ರ ದುಡಿದರೆ ವಾರಕ್ಕೆ ಆದದ್ದು 30 ಗಂಟೆ. ಅವರ 6 ಗಂಟೆ ಓವರ್‌ಟೈಮ್‌ಗೆ ತೆರಿಗೆ ವಿನಾಯಿತಿ ಇಲ್ಲ, ಪ್ರೀಮಿಯಂ ಲೆಕ್ಕದಲ್ಲಿ ಕಡಿತ ಇದೆ. ಎರಡು ಪಟ್ಟು ಕೊಟ್ಟ ಗಂಟೆಯಲ್ಲಿ ತೆರಿಗೆಗೆ ಸಿಗುವುದು ಅರ್ಧ ಪಟ್ಟಿನ ಭಾಗ ಮಾತ್ರ, ಪ್ರೀಮಿಯಂನಲ್ಲಿ ಪೂರ್ತಿ ಹೆಚ್ಚುವರಿ ಭಾಗ ಹೊರಗೆ. ಎರಡೂ ಅಂಕಿಗೆ ಬೇರೆ ಬೇರೆ ವರದಿ ಇಟ್ಟುಕೊಳ್ಳಿ. ಒಂದೇ ಅಂಕಿ ಕೊಟ್ಟರೆ ನಷ್ಟ ನಿಮಗೇ.

ಕಾಗದ ಇಲ್ಲದ ಸಬ್‌ಕಾಂಟ್ರಾಕ್ಟರ್

ನೌಕರರಲ್ಲದ ಗುತ್ತಿಗೆಯವರಿಗೆ ಕೊಡುವ ತೆರಿಗೆ ಫಾರ್ಮ್ 1099. ಅದನ್ನು ಪಡೆದವರು ಪೇರೋಲ್‌ನಲ್ಲಿ ಇರುವುದಿಲ್ಲ, ಹಾಗಾಗಿ ಪ್ರೀಮಿಯಂಗೂ ಬರುವುದಿಲ್ಲ ಅನ್ನುವ ನಂಬಿಕೆ ಬಲವಾಗಿದೆ. ಆದರೆ ಆಡಿಟರ್ ಮೊದಲು ಕೇಳುವುದೇ 1099 ಪಟ್ಟಿ. ಸಬ್‌ಕಾಂಟ್ರಾಕ್ಟರ್ ತನ್ನದೇ ವರ್ಕರ್ಸ್ ಕಾಂಪ್ ಪಾಲಿಸಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟಿರಬೇಕು, ಅದು ಅವನು ಕೆಲಸ ಮಾಡಿದ ದಿನಾಂಕಗಳಿಗೆ ಸಲ್ಲಬೇಕು. ಇಲ್ಲದಿದ್ದರೆ ಅವನಿಗೆ ಕೊಟ್ಟ ದುಡ್ಡು ನಿಮ್ಮ ಸಂಬಳ ಲೆಕ್ಕಕ್ಕೆ ಬರುತ್ತದೆ. ಎನ್‌ಸಿಸಿಐ ನಿಯಮದಲ್ಲಿ ಬರೀ ಕೂಲಿ ಕೆಲಸದ ಗುತ್ತಿಗೆ ಆಗಿದ್ದು, ಸಂಬಳದ ದಾಖಲೆ ಇಲ್ಲದಿದ್ದರೆ, ಗುತ್ತಿಗೆ ಮೊತ್ತದ ಕನಿಷ್ಠ ಶೇ. 90ನ್ನು ಸಂಬಳ ಅಂತ ಹಿಡಿಯುತ್ತಾರೆ. ಸಾಮಾನೂ ಸೇರಿದ್ದರೆ ಕನಿಷ್ಠ ಶೇ. 50. ಬಿಲ್‌ನಲ್ಲಿ ಸಾಮಾನು ಮತ್ತು ಕೂಲಿ ಬೇರೆ ಬೇರೆ ಬರೆಸಿಕೊಳ್ಳುವುದಕ್ಕೆ ಇಷ್ಟೇ ಕಾರಣ ಸಾಕು.

ಸರ್ಟಿಫಿಕೇಟ್ ಕೈಗೆ ಬರುವವರೆಗೆ ಚೆಕ್ ಬರೆಯಬೇಡಿ ಅನ್ನುವುದು ಕಠೋರವಾಗಿ ಕೇಳಿಸಬಹುದು. ಆದರೆ ದುಡ್ಡು ಕೈಸೇರಿದ ಮೇಲೆ ಯಾರೂ ಕಾಗದ ಕಳಿಸುವುದಿಲ್ಲ. ಬಂದ ಕಾಗದ ನಿಜವಾ ಅಂತಲೂ ನೋಡಬೇಕು. ಅಮೆರಿಕದ ಖಜಾನೆ ಇಲಾಖೆಯಲ್ಲಿ ಹಣಕಾಸು ಅಪರಾಧಗಳ ಮೇಲೆ ಕಣ್ಣಿಡುವ ಫಿನ್‌ಸೆನ್ 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಕಟ್ಟಡ ಉದ್ಯಮದ ಈ ಬಗೆಯ ವಂಚನೆ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಹೆಸರಿಗೊಂದು ಕಂಪನಿ ತೆರೆಯುತ್ತಾರೆ. ಇಬ್ಬರು ಮೂವರು ನೌಕರರು ಅಂತ ಹೇಳಿ ಚಿಕ್ಕ ಪಾಲಿಸಿ ಕೊಳ್ಳುತ್ತಾರೆ. ಆ ಸರ್ಟಿಫಿಕೇಟ್ ಅನ್ನು ದೊಡ್ಡ ದೊಡ್ಡ ಕೆಲಸಗಾರರ ಗುಂಪುಗಳಿಗೆ ಬಾಡಿಗೆಗೆ ಕೊಡುತ್ತಾರೆ. ಗುತ್ತಿಗೆದಾರರ ಚೆಕ್ ಆ ಕಂಪನಿಯ ಹೆಸರಿಗೆ ಬರುತ್ತದೆ, ನಗದಾಗುತ್ತದೆ, ಕೆಲಸಗಾರರಿಗೆ ಕೈಯಲ್ಲಿ ದುಡ್ಡು. ಪ್ರೀಮಿಯಂ ಇಲ್ಲ, ತೆರಿಗೆಯೂ ಇಲ್ಲ. ಒಬ್ಬ ಮೇಲಿಂದ ಬಿದ್ದ ದಿನ ಎಲ್ಲ ಹೊರಗೆ ಬರುತ್ತದೆ. ಇದರಿಂದ ನಿಯಮದಂತೆ ನಡೆಯುವವರು ಟೆಂಡರ್‌ನಲ್ಲಿ ಸೋಲುತ್ತಾರೆ, ಅದೇ ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ಹದಿನೈದು ಜನರನ್ನು ಕರೆತಂದವನ ಪಾಲಿಸಿಯಲ್ಲಿ ಪ್ರೀಮಿಯಂ ಸಾವಿರ ಡಾಲರ್ ಇದ್ದರೆ ಅನುಮಾನ ಪಡಲೇಬೇಕು.

ಮನೆಯಿಂದ ಕೆಲಸ, ಬೇರೆ ರಾಜ್ಯದಿಂದ ಕೆಲಸ

ಕೋವಿಡ್ ನಂತರ ಆಫೀಸ್ ಕೆಲಸ ಮನೆಗೆ ಬಂತು. ಕ್ಯಾಲಿಫೋರ್ನಿಯಾ 2021ರ ಜನವರಿ 1ರಿಂದ ಮನೆಯಿಂದ ಆಫೀಸ್ ಕೆಲಸ ಮಾಡುವವರಿಗೆ 8871 ಅನ್ನುವ ಬೇರೆ ಕೋಡ್ ತಂದಿತು. ಅರ್ಧಕ್ಕಿಂತ ಜಾಸ್ತಿ ಸಮಯ ಮನೆಯಿಂದ ದುಡಿಯುವವರು ಇದಕ್ಕೆ ಸೇರುತ್ತಾರೆ. ಹಾಗಾಗಿ ವಾರಕ್ಕೆ ಎರಡು ದಿನ ಮನೆಯಾ, ಮೂರು ದಿನವಾ ಅನ್ನುವುದು ಈಗ ಪೇರೋಲ್ ವಿಷಯವೂ ಹೌದು. ಉಳಿಯುವ ದುಡ್ಡು ಸಣ್ಣದು, ಇದರ ಹಿಂದೆ ತುಂಬಾ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ರಾಜ್ಯದ ಬಗ್ಗೆ. ನ್ಯೂಜೆರ್ಸಿಯಲ್ಲಿ ಆಫೀಸ್ ಇರುವ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿಯ ನೌಕರರು ಹನ್ನೆರಡು ರಾಜ್ಯಗಳಲ್ಲಿ ಹರಡಿರುತ್ತಾರೆ. ಪಾಲಿಸಿಯಲ್ಲಿ 3-ಎ ಅಂತ ಒಂದು ಸಾಲು ಇರುತ್ತದೆ. ಯಾವ ಯಾವ ರಾಜ್ಯದ ಕಾನೂನಿಗೆ ಈ ಪಾಲಿಸಿ ಸಲ್ಲುತ್ತದೆ ಅನ್ನುವ ಪಟ್ಟಿ ಅದು. ಹೊಸ ರಾಜ್ಯದಲ್ಲಿ ನೌಕರ ಸೇರಿದಾಗ ಪೇರೋಲ್‌ನವರು ಆ ರಾಜ್ಯದ ತೆರಿಗೆ ಖಾತೆ ತೆರೆಯುವುದನ್ನು ಮರೆಯುವುದಿಲ್ಲ, ಸಾಫ್ಟ್‌ವೇರ್ ಬಿಡುವುದಿಲ್ಲವಲ್ಲ. ವಿಮಾ ಏಜೆಂಟರಿಗೆ ಒಂದು ಇಮೇಲ್ ಹಾಕುವುದನ್ನು ಮಾತ್ರ ಮರೆಯುತ್ತಾರೆ. ನೌಕರ ಓಹಾಯೊ ಅಥವಾ ವಾಷಿಂಗ್ಟನ್‌ಗೆ ಮನೆ ಬದಲಿಸಿದರೆ ಇನ್ನೂ ತೊಡಕು. ಆ ರಾಜ್ಯಗಳನ್ನು 3-ಎಗೆ ಸೇರಿಸಲು ಆಗುವುದೇ ಇಲ್ಲ, ರಾಜ್ಯದ ನಿಧಿಯಲ್ಲೇ ಖಾತೆ ತೆರೆಯಬೇಕು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ ಸಣ್ಣದಲ್ಲ. ನ್ಯೂಯಾರ್ಕ್‌ನಲ್ಲಿ ವಿಮೆ ಇಲ್ಲದ ಪ್ರತಿ 10 ದಿನಕ್ಕೆ 2,000 ಡಾಲರ್‌ವರೆಗೆ ಹಾಕುತ್ತಾರೆ. ನೌಕರನ ವಿಳಾಸ ಬದಲಾವಣೆಯ ಫಾರ್ಮ್‌ನಲ್ಲೇ "ವಿಮಾ ಏಜೆಂಟರಿಗೆ ತಿಳಿಸಿದೆಯಾ" ಅಂತ ಒಂದು ಟಿಕ್ ಬಾಕ್ಸ್ ಇಟ್ಟರೆ ಇದು ಬಗೆಹರಿಯುತ್ತದೆ.

ಕಂತು ಸಣ್ಣದಾಯಿತು, ಆಮೇಲೆ?

ಈಗ ಪೇರೋಲ್ ಕಂಪನಿಗಳೆಲ್ಲ ಜೋರಾಗಿ ಮಾರುತ್ತಿರುವುದು ಪೇ-ಆಸ್-ಯು-ಗೋ. ಹಳೆಯ ಪದ್ಧತಿಯಲ್ಲಿ ವರ್ಷದ ಅಂದಾಜು 12,000 ಇದ್ದರೆ ಮೊದಲೇ 3,000ದಷ್ಟು ಕಟ್ಟಿ ಉಳಿದದ್ದನ್ನು ಕಂತಿನಲ್ಲಿ ಕಟ್ಟುವುದು ಸಾಮಾನ್ಯ. ಹೊಸದರಲ್ಲಿ ಪ್ರತಿ ಸಲ ಸಂಬಳ ಹಾಕುವಾಗ ಆ ಸಲದ ಸಂಬಳಕ್ಕೆ ಎಷ್ಟೋ ಅಷ್ಟು ಪ್ರೀಮಿಯಂ ಬ್ಯಾಂಕಿನಿಂದ ಹೋಗುತ್ತದೆ. ಋತುವಿಗೆ ತಕ್ಕ ಹಾಗೆ ಜನ ಜಾಸ್ತಿ ಕಡಿಮೆ ಆಗುವ ಲ್ಯಾಂಡ್‌ಸ್ಕೇಪಿಂಗ್‌ನಂಥ ಕೆಲಸಕ್ಕೆ ಇದು ನಿಜಕ್ಕೂ ಒಳ್ಳೆಯದು. ಚಳಿಗಾಲದಲ್ಲಿ ಕೆಲಸ ಇಲ್ಲ, ಪ್ರೀಮಿಯಂ ಕಂತೂ ಇಲ್ಲ.

ಆದರೆ ಮಾರುವವರು "ಆಡಿಟ್ ತಲೆನೋವು ಇರುವುದಿಲ್ಲ" ಅಂದರೆ ಪೂರ್ತಿ ನಂಬಬೇಡಿ. ಆಡಿಟ್ ಬಂದೇ ಬರುತ್ತದೆ. ಸಂಬಳದ ಅಂದಾಜು ತಪ್ಪಾಗುವುದನ್ನು ಇದು ಸರಿಮಾಡುತ್ತದೆ. ಕೋಡ್ ತಪ್ಪಿದ್ದರೆ ಅದೇ ತಪ್ಪನ್ನು ಎರಡು ವಾರಕ್ಕೊಮ್ಮೆ ನಿಷ್ಠೆಯಿಂದ ಮಾಡುತ್ತಾ ಹೋಗುತ್ತದೆ. 1099ಗಳು ಪೇರೋಲ್‌ನಲ್ಲಿ ಇಲ್ಲದ ಕಾರಣ ಅವು ಈ ಲೆಕ್ಕಕ್ಕೆ ಕಾಣುವುದೇ ಇಲ್ಲ. ಓವರ್‌ಟೈಮ್ ಕಡಿತ, ಟಿಪ್ಸ್, ಮಾಲೀಕರ ಸಂಬಳಕ್ಕೆ ರಾಜ್ಯ ಹಾಕಿರುವ ಮೇಲಿನ ಮಿತಿ ಇವೆಲ್ಲ ಅದರಲ್ಲಿ ಸೆಟ್ ಆಗಿದೆಯಾ ಅಂತ ಶುರುವಿನಲ್ಲೇ ಕೇಳಬೇಕು. ಎರಡನೇ ಸಂಬಳದ ಹೊತ್ತಿಗೆ ಒಬ್ಬ ನೌಕರನ ಪ್ರೀಮಿಯಂ ಅನ್ನು ಕೈಯಲ್ಲಿ ಲೆಕ್ಕ ಹಾಕಿ ಹೋಲಿಸಿ. ಹತ್ತು ನಿಮಿಷದ ಕೆಲಸ.

ಎಕ್ಸ್‌ಪೀರಿಯನ್ಸ್ ಮಾಡ್ ಬಗ್ಗೆ ಪೇರೋಲ್‌ನವರು ಮಾಡಬಹುದಾದ್ದು ಕಡಿಮೆ, ಆದರೂ ಅದು ಹೇಗೆ ಓಡುತ್ತದೆ ಅಂತ ಗೊತ್ತಿರಬೇಕು. ಸರಾಸರಿ ಕಂಪನಿಗೆ 1.00. ಅಪಘಾತ ಜಾಸ್ತಿ ಇದ್ದರೆ 1.25, ಆಗ 20,000 ಡಾಲರ್ ಪ್ರೀಮಿಯಂ 25,000 ಆಗುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ಪಾಲಿಸಿಗಳನ್ನು ನೋಡುತ್ತಾರೆ, ಈಗಷ್ಟೇ ಮುಗಿದದ್ದನ್ನು ಬಿಟ್ಟು. 2026ರ ಜನವರಿ ಪಾಲಿಸಿಗೆ 2022, 2023, 2024. ಒಂದು ದೊಡ್ಡ ಕ್ಲೇಮ್‌ಗಿಂತ ಅದೇ ಮೊತ್ತದ ಹತ್ತು ಸಣ್ಣ ಕ್ಲೇಮ್ ಹೆಚ್ಚು ಪೆಟ್ಟು ಕೊಡುತ್ತವೆ. ಬರೀ ಚಿಕಿತ್ಸೆಯಲ್ಲಿ ಮುಗಿದು ಸಂಬಳ ಪರಿಹಾರ ಕೊಡಬೇಕಾಗದ ಕ್ಲೇಮ್‌ಗಳನ್ನು ಎನ್‌ಸಿಸಿಐನ ಹೆಚ್ಚಿನ ರಾಜ್ಯಗಳಲ್ಲಿ ಶೇ. 30ರಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಪೆಟ್ಟಾದ ನೌಕರನಿಗೆ ಒಂದಷ್ಟು ದಿನ ಕೂತು ಮಾಡುವ ಹಗುರ ಕೆಲಸ ಕೊಟ್ಟು ಪೂರ್ತಿ ಸಂಬಳ ಕೊಡುವ ಕಂಪನಿಗಳ ಲೆಕ್ಕಾಚಾರ ಇದೇ. ಅವನಿಗೆ ಸಂಬಳ ನಿಲ್ಲುವುದಿಲ್ಲ, ಇವರ ಮಾಡ್ ಅಷ್ಟಾಗಿ ಏರುವುದಿಲ್ಲ.

ಆಡಿಟ್ ಬಂದಾಗ

ಕಾಗದ ಬಂದಾಗ ಸುಮ್ನೆ ಇರುವುದು ಎಲ್ಲಕ್ಕಿಂತ ದುಬಾರಿ. ಅನೇಕ ರಾಜ್ಯಗಳಲ್ಲಿ ಆಡಿಟ್‌ಗೆ ಸಹಕರಿಸದಿದ್ದರೆ ಅಂದಾಜು ಪ್ರೀಮಿಯಂನ ಎರಡು ಪಟ್ಟಿನವರೆಗೂ ಹೆಚ್ಚುವರಿ ಹಾಕಲು ಅವಕಾಶ ಇದೆ. ಪಾಲಿಸಿ ವರ್ಷ ಮತ್ತು ಕ್ಯಾಲೆಂಡರ್ ವರ್ಷ ಬೇರೆ ಇದ್ದರೆ ಪೇರೋಲ್ ವರದಿಯನ್ನು ಪಾಲಿಸಿಯ ದಿನಾಂಕಗಳಿಗೆ ಹೊಂದಿಸಿ ತೆಗೆಯಿರಿ. ನೌಕರನ ಹೆಸರು, ಮಾಡುವ ಕೆಲಸ, ಕೋಡ್, ಒಟ್ಟು ಸಂಬಳ, ಓವರ್‌ಟೈಮ್, ಟಿಪ್ಸ್ ಇಷ್ಟು ಕಾಲಂ ಇರಲಿ. ಮೊತ್ತ 941ಕ್ಕೆ ಯಾಕೆ ಹೊಂದುವುದಿಲ್ಲ ಅಂತ ನೀವೇ ಒಂದು ಸಾಲಿನಲ್ಲಿ ಬರೆದುಕೊಡಿ. ಕೆಲಸದ ಹೆಸರನ್ನು ಜಾಗ್ರತೆಯಿಂದ ಬರೆಯಿರಿ. ಆಫೀಸಿನಲ್ಲಿ ಕೂತು ಟೆಂಡರ್ ಲೆಕ್ಕ ಮಾಡುವವರನ್ನು ಚೆಂದ ಕಾಣಲಿ ಅಂತ "ಪ್ರಾಜೆಕ್ಟ್ ಸೂಪರ್‌ವೈಸರ್" ಅಂತ ಬರೆದರೆ ಅವರು ಸೈಟ್‌ಗೆ ಹೋಗುವವರು ಅಂತಲೇ ಆಡಿಟರ್ ಓದುತ್ತಾರೆ.

ಬಿಲ್ ಬಂದ ಮೇಲೆ ಬರೀ ಮೊತ್ತ ನೋಡಿ ಬೈಯಬೇಡಿ. ಆಡಿಟ್ ವರ್ಕ್‌ಶೀಟ್ ಕಳಿಸಿ ಅಂತ ಕೇಳಿ. ಯಾರನ್ನು ಯಾವ ಕೋಡ್‌ಗೆ ಹಾಕಿದ್ದಾರೆ ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ತಪ್ಪಿರುವ ಸಾಲಿಗೆ ದಾಖಲೆ ಲಗತ್ತಿಸಿ ಮೊದಲು ವಿಮಾ ಕಂಪನಿಗೇ ಬರೆಯಿರಿ. ಅಲ್ಲಿ ಆಗದಿದ್ದರೆ ಎನ್‌ಸಿಸಿಐ ಅಥವಾ ರಾಜ್ಯದ ಬ್ಯೂರೋದ ಹತ್ತಿರ ವ್ಯಾಜ್ಯ ಎತ್ತುವ ದಾರಿ ಇದೆ. ಈ ನಡುವೆ, ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಿಬಿಡಿ. ಅದನ್ನು ಕಟ್ಟದೆ ಎನ್‌ಸಿಸಿಐ ನಿಮ್ಮ ತಕರಾರನ್ನು ಕೈಗೆತ್ತಿಕೊಳ್ಳುವುದಿಲ್ಲ. ಹಳೆಯ ಬಾಕಿಯ ಕಾರಣಕ್ಕೆ ಈಗ ನಡೆಯುತ್ತಿರುವ ಪಾಲಿಸಿಯೂ ರದ್ದಾಗಬಹುದು.